ಇಂಗ್ಲೆಂಡಿಗೆ ಒಯ್ದ ಕತ್ತರಿ

ಸೋಮವಾರ: ಇಳಿದ ಊರು

೧೯೬೨ನೆಯ ಇಸವಿ, ಸೆಪ್ಟೆಂಬರ ಹತ್ತು, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಇಂಗ್ಲೆಂಡಿನ ದಕ್ಷಿಣ ಭಾಗದ ಆ ಸಣ್ಣ ರೈಲು ನಿಲ್ದಾಣದಲ್ಲಿ ಇದ್ದವರು ಮೂವರು: ನಾನು, ನನ್ನ ತಂಗಿಯ ಮಗಳು ರಜಿಯಾ, ಮತ್ತು ಒಬ್ಬ ಮುದಿ ಹಮಾಲ. ಹಮಾಲ ನನ್ನ ಟ್ರಂಕನ್ನು ಒಮ್ಮೆ ಎತ್ತಿ ನೋಡಿದ, ಕೆಳಗಿಟ್ಟ, ರಜಿಯಾಳನ್ನು ಏನೋ ಕೇಳಿದ.

"ಏನಂತಾನ?" ಎಂದೆ.

"ಒಳಗ ಕಲ್ಲ ಅದಾವೇನು ಅಂತ ಕೇಳಾಕತ್ತಾನ್ರಿ ಮಾಮಾ."

"ಕಲ್ಲಲ್ಲ, ರೊಟ್ಟಿ ಅಂತ ಹೇಳು."

ಅವಳು ಹಾಗೆಯೇ ಹೇಳಿದಳೆಂದು ಕಾಣುತ್ತದೆ. ಅವನು ಟ್ರಂಕಿನ ಕಡೆಗೆ ಇನ್ನೊಮ್ಮೆ ಅನುಮಾನದಿಂದ ನೋಡಿದ. ಒಳಗೆ ತಂಗಿ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಪುಡಿ, ಲಿಂಬೆ ಉಪ್ಪಿನಕಾಯಿ. ನನ್ನವು ನಮಾಜಿನ ಚಾಪೆ, ಸೀಟಿ, ದಿಕ್ಸೂಚಿ ಮತ್ತು ಗಿಡ ಕತ್ತರಿಸುವ ದೊಡ್ಡ ಕತ್ತರಿ. ಪರದೇಶಕ್ಕೆ ಕತ್ತರಿ ಯಾಕೆ ಎಂದು ಮುಂಬಯಿ ಬಂದರಿನಲ್ಲಿಯೂ ಕೇಳಿದರು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಕವಾಯತು ಮತ್ತು ತೋಟದ ಕೆಲಸ ಕಲಿಸಿದವನು ನಾನು. ಸೀಟಿ, ಕತ್ತರಿ ಇಲ್ಲದೆ ಎಲ್ಲಿಗೂ ಹೋದವನಲ್ಲ.

ನನಗೆ ಇದ್ದ ಕೆಲಸ ಎರಡು. ಮೊದಲನೆಯದನ್ನು ತಂಗಿ ಖಾಸಿಂಬಿ ಒಪ್ಪಿಸಿದ್ದಳು. ರಜಿಯಾ ಸ್ಕಾಲರ್‌ಶಿಪ್ ಮೇಲೆ ಗಿಡಗಳ ವಿಷಯ ಓದಲು ಹೋಗಿ ಎರಡು ವರ್ಷ ಆಗಿತ್ತು. ಇನ್ನೊಂದು ವರ್ಷ ಇರುತ್ತೇನೆ ಎಂದು ಬರೆದಿದ್ದಳು. "ಭಾಯಿ, ಅಕಿ ಇರೂ ಮನಿ ನೀ ಒಮ್ಮಿ ಕಣ್ಲೆ ನೋಡಿ ಬಾ. ನೀ ಹೂಂ ಅಂದ್ರ ನಂದೂ ಹೂಂ" ಎಂದಳು ತಂಗಿ.

ಎರಡನೆಯದು ಲಿಂಬೆ ಗಿಡಗಳ ಕೆಲಸ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಖಾಸಿಂಬಿಯ ಗಂಡ ತೀರಿಕೊಂಡ ವರ್ಷ, ಅವನು ತನ್ನ ಕೈಯಾರೆ ಬಾವಿಯ ಹತ್ತಿರ ಬೆಳೆಸಿದ್ದ ಲಿಂಬೆಯ ಬೀಜ ತೆಗೆದು ಅವಳು ಸಸಿ ಮಾಡಿದಳು. ನಮ್ಮೂರು ಇಂಡಿ; ಆ ಊರಿನ ಹೊರಗೆ ಅವಳ ಪಾಲಿಗೆ ಬಂದ ಎಕರೆ ಹೊಲದಲ್ಲಿ ನೂರಾ ಹತ್ತು ಸಸಿ. ಹಗ್ಗ ಹಿಡಿದು, ಗೂಟ ಹೊಡೆದು ಸಾಲು ಹಾಕಿದವನು ನಾನು. ನೆರೆ ಹೊಲದವರ ಬೀಜದ ಗಿಡಗಳು ಐದನೆಯ ವರ್ಷ ಕಾಯಿ ಹಿಡಿದವು. ನಮ್ಮವಕ್ಕೆ ಎಂಟು ತುಂಬಿತು. ಹಸಿರಾಗಿವೆ, ಒಂದೇ ಎತ್ತರಕ್ಕೆ ನಿಂತಿವೆ, ಮೈತುಂಬ ಬೆರಳುದ್ದ ಮುಳ್ಳು. ಒಂದು ಹೂವಿಲ್ಲ.

ಗಂಡು ಗಿಡ ಎಂದರು ಕೆಲವರು. ತಂಗಿಯ ಭಾವ ಮೌಲಾಸಾಬರ ಮಾತೇ ಬೇರೆ. "ಮಾಸ್ತರ, ನೀವು ಗಿಡಕ್ಕೂ ಸಾವಧಾನ್ ಕಲಿಸೀರಿ. ವಿಶ್ರಾಮ್ ಅನ್ನೂತನಕ ಅವು ಅಳ್ಳಾಡಾಂಗಿಲ್ಲ" ಎಂದು ಊರ ಮುಂದೆ ನಗುತ್ತಿದ್ದರು. ನಕ್ಕರೂ ಅವರು ಕೆಟ್ಟವರಲ್ಲ. ಬಂಜೆ ಗಿಡಕ್ಕೆ ಎಷ್ಟು ವರ್ಷ ನೀರು ಹೊರುತ್ತಾಳೆ ಈ ಹೆಂಗಸು ಎಂಬ ಮರುಕದಿಂದಲೇ ಈ ವರ್ಷ ತೀರ್ಮಾನ ಹೇಳಿದರು: ಸೆಪ್ಟೆಂಬರ ನಡುವಿನ ಉತ್ತರಿ ಮಳೆ ಬಿದ್ದ ಮರುದಿನ ಗಿಡ ಕಿತ್ತು ಹಿಂಗಾರಿ ಜೋಳ ಬಿತ್ತುವುದು. ತಂಗಿ ತಲೆಯಾಡಿಸಿದಳು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಟ್ರಂಕಿನ ಮೇಲೆ ಕೈಯಿಟ್ಟು ಮೆಲ್ಲಗೆ ಅಂದಳು: "ಅವರ ಕೈ ಮುಟ್ಟಿದ ಗಿಡದ ಬೀಜ, ಭಾಯಿ. ರಜಿಯಾ ಗಿಡಕ್ಕ ಹೊಡಿಯೂ ಔಷಧದ್ದ ಏನೋ ಓದಾಕತ್ತಾಳಂತ. ಹೂ ಬಿಡಸೂ ಔಷಧ ಇದ್ರ ಒಂದು ಬಾಟ್ಲಿ ತಾ."

ಇದನ್ನು ಪತ್ರದಲ್ಲಿ ಬರೆದು ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಮಗಳ ಓದಿಗೆ ಚಿಂತೆ ಹತ್ತೀತೆಂದು ತಾಯಿ ಎರಡು ವರ್ಷವೂ "ಗಿಡ ಹಚ್ಚಗದಾವ" ಎಂದಷ್ಟೇ ಬರೆಸಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ರಜಿಯಾ ಇದ್ದದ್ದು ಮಿಸೆಸ್ ಹಾಲ್ ಎಂಬ ಎಪ್ಪತ್ತರ ವಿಧವೆಯ ಮನೆಯಲ್ಲಿ, ಅಟ್ಟದ ಕೋಣೆಯಲ್ಲಿ. ಬಾಗಿಲ ಹಿಂದೆ ನಿಯಮಗಳ ಪಟ್ಟಿ ತೂಗುಹಾಕಿತ್ತು: ಸ್ನಾನದ ಹೊತ್ತು, ದೀಪ ಆರಿಸುವ ಹೊತ್ತು, ಸರಿಯಾಗಿ ನಾಲ್ಕಕ್ಕೆ ಚಹಾ. ನಾನು ನಿಂತು ಪೂರ್ತಿ ಓದಿಸಿಕೊಂಡೆ. ಇಂಥ ಮನೆಯಲ್ಲಿ ಹುಡುಗಿ ಕೆಡುವುದು ಸಾಧ್ಯವಿಲ್ಲ. ಮೊದಲನೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು.

ನನಗೆ ಕೆಳಗಿನ ಸಣ್ಣ ಕೋಣೆ ಕೊಟ್ಟರು. ಹಡಗಿನಲ್ಲಿ ಒಬ್ಬ ಬೋಹ್ರಾ ವ್ಯಾಪಾರಿ ದಿನವೂ ನಮಾಜಿಗೆ ಮುಖ ಮಾಡುವ ಕಿಬ್ಲಾದ ದಿಕ್ಕು ತೋರಿಸುತ್ತಿದ್ದ. ನೆಲಕ್ಕೆ ಇಳಿದ ಮೇಲೆ ಪರರ ಹಂಗು ಬೇಡವೆಂದು ದಿಕ್ಸೂಚಿ ತೆಗೆದು, ಪಡುವಣಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಚಾಪೆ ಹಾಸಿ ನಮಾಜು ಮಾಡಿದೆ. ಸಂಜೆ ಊಟಕ್ಕೆ ಬೇಯಿಸಿದ ಬಟಾಟೆ ಬಂತು. ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿದೆ. ಮಿಸೆಸ್ ಹಾಲ್ ತಾವೂ ಚಿಟಿಕೆ ಉದುರಿಸಿಕೊಂಡು, ನೀರು ಕುಡಿದು, ಬಹಳ ಸೊಗಸಾಗಿದೆ ಎಂದರು. ಕಣ್ಣಲ್ಲಿ ನೀರಿತ್ತು. ಇಲ್ಲಿಯವರ ಸೌಜನ್ಯ ಅಂಥದ್ದು.

ಊಟವಾದ ಮೇಲೆ ರಜಿಯಾಳಿಗೆ ಲಿಂಬೆಯ ಕಥೆ ಹೇಳಿದೆ.

"ಅವ್ವ ಒಂದ ಮಾತೂ ಬರೀಲಿಲ್ಲಲ್ರಿ."

"ಬರದಿದ್ರ ನೀ ಓದಾಕ ಕೂಡ್ತಿದ್ದೇನು? ಅದಿರಲಿ, ಔಷಧ ಐತೇನು?"

"ನಾ ಕೆಲಸಾ ಮಾಡೂದು ಒಂದು ಔಷಧದ ಮ್ಯಾಲೇ ಐತ್ರಿ ಮಾಮಾ. ಬುಧವಾರ ಗಾಜಿನ ಮನಿಗೆ ಕರಕೊಂಡ ಹೋಗ್ತೇನಿ. ನಿಮ್ಮ ಕಣ್ಲೆ ನೋಡ್ರಿ."

ಆ ರಾತ್ರಿ ಮಲಗುವಾಗ ಟ್ರಂಕಿನಲ್ಲಿ ಬಾಟಲಿಗೆ ಜಾಗ ಮಾಡಿದೆ.

ಮಂಗಳವಾರ: ಹಿತ್ತಿಲ ಗೋಡೆ

ನಾಲ್ಕೂವರೆಗೆ ಎದ್ದರೆ ಆ ದೇಶದಲ್ಲಿ ಮಾಡುವುದು ಏನೂ ಇಲ್ಲ. ಹಾಲಿನವನು ಬಾಗಿಲಲ್ಲಿ ಬಾಟಲಿ ಇಟ್ಟು ಹೋದ. ಅದನ್ನು ಯಾರೂ ಒಯ್ಯಲಿಲ್ಲ. ಎಂಟಕ್ಕೆ ರಜಿಯಾ ಕೆಲಸಕ್ಕೆ ಹೋದಳು. ಒಂಬತ್ತಕ್ಕೆ ಮಿಸೆಸ್ ಹಾಲ್ ಸಂತೆ ಚೀಲ ಹಿಡಿದು ಹೊರಟರು. ನಾನು ಹಿತ್ತಿಲಿಗೆ ಹೋದೆ.

ಹಿತ್ತಿಲ ತುದಿಗೆ ಆಳೆತ್ತರಕ್ಕೂ ಮಿಕ್ಕಿದ ಇಟ್ಟಂಗಿ ಗೋಡೆ. ಅದನ್ನು ಐವಿ ಎಂಬ ಬಳ್ಳಿ ತುಂಬಿತ್ತು. ಬುಡದಿಂದ ಗೋಡೆಯ ಅಂಚಿನವರೆಗೆ ಬಳ್ಳಿ ಬಲು ಶಿಸ್ತಿನದು: ಸಣ್ಣ ಬೇರುಗಳಿಂದ ಇಟ್ಟಂಗಿ ಕಚ್ಚಿ ಹಿಡಿದು, ಐದು ಮೂಲೆಯ ಎಲೆಗಳನ್ನು ಹಂಚಿನಂತೆ ಹೊದಿಸಿಕೊಂಡಿತ್ತು. ಆದರೆ ಅಂಚು ದಾಟಿದ ಮೇಲೆ ಗೋಡೆ ಬಿಟ್ಟು, ಪೊದೆಯಾಗಿ, ಮನಸ್ಸಿಗೆ ಬಂದ ಕಡೆ ಟೊಂಗೆ ಚಾಚಿತ್ತು. ನನಗೆ ಸಾಲಿನಿಂದ ಹೊರಬಿದ್ದ ಹುಡುಗರನ್ನು ಕಂಡ ಹಾಗಾಯಿತು. ಕತ್ತರಿ ತಂದೆ, ಸ್ಟೂಲು ಹಾಕಿದೆ, ದಾರ ಕಟ್ಟಿ ಮಟ್ಟ ನೋಡಿದೆ. ಎರಡು ಗಂಟೆಯಲ್ಲಿ ಗೋಡೆಯ ತಲೆ ನೀಟಾಗಿ ಒಂದೇ ಗೆರೆಗೆ ಬಂತು. ನಾಲ್ಕು ಬುಟ್ಟಿ ಕಸ. ಕತ್ತರಿಸಿದ ಟೊಂಗೆಗಳಲ್ಲಿ ಕೊತ್ತಂಬರಿ ಹೂವಿನ ಗೊಂಚಲಿನಂಥ ಮೊಗ್ಗುಗಳಿದ್ದವು. ಕೆಲವು ಅರಳಿ ಜೇನುಹುಳ ಮುತ್ತಿದ್ದವು. ಅದನ್ನು ಕಂಡೆ, ಗಮನಿಸಲಿಲ್ಲ.

ಮಿಸೆಸ್ ಹಾಲ್ ಬಂದರು. ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಧನ್ಯವಾದ ಹೇಳಿ ಒಳಗೆ ಹೋದರು. ಚಹಾ ಅಂದು ಎರಡೂವರೆಗೇ ಬಂತು. ಮನಸ್ಸಿಗೆ ನೋವಾಗದೆ ಅವರು ನಿಯಮ ತಪ್ಪುವವರಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಸಂಜೆ ಬಂದ ರಜಿಯಾ ಕೋಟು ಕೂಡ ತೆಗೆಯದೆ ಬುಟ್ಟಿಗಳ ಹತ್ತಿರ ನಿಂತಳು.

"ಮಾಮಾ, ಇದೇನ್ರಿ?"

"ಒಂದ ಸಾಲಿಗೆ ತಂದೇನಿ. ಹ್ಯಾಂಗ ಐತಿ ಹೇಳು."

ಅವಳು ಗೋಡೆಯ ಬುಡದಿಂದ ಒಂದು ಎಲೆ, ಬುಟ್ಟಿಯಿಂದ ಒಂದು ಎಲೆ ತೆಗೆದು ನನ್ನ ಅಂಗೈ ಮೇಲಿಟ್ಟಳು. ಒಂದಕ್ಕೆ ಐದು ಮೂಲೆ; ಇನ್ನೊಂದು ಅರಳಿ ಎಲೆಯ ಹಾಗೆ ನುಣುಪಾದ ಅಂಚಿನದು, ಬಾಲ ಮಾತ್ರ ಇಲ್ಲ.

"ಎರಡೂ ಒಂದ ಬಳ್ಳಿವು ಅಂದ್ರ ನಂಬ್ತೀರೇನು? ಕೆಳಗಿಂದು ಇನ್ನೂ ಕೂಸ್ರಿ. ಗ್ವಾಡಿ ಹಿಡಕೊಂಡು ಏರತೈತಿ. ಮ್ಯಾಲ ಮುಟ್ಟಿದ ಮ್ಯಾಲ ದೊಡ್ಡದಾಗತೈತಿ. ಆಗ ಗ್ವಾಡಿ ಬ್ಯಾಡ ಅದಕ್ಕ. ಎಲಿ ಬದಲಾಗತಾವ, ಟೊಂಗಿ ತನ್ನ ಕಾಲ ಮ್ಯಾಲ ನಿಂದರತೈತಿ, ಹೂ ಬಿಡತೈತಿ."

"ನಾ ಕತ್ತರಿಸಿದ್ದು..."

"ದೊಡ್ಡದಾದದ್ದನ್ನ ಅಷ್ಟ ಕತ್ತರಿಸೀರಿ."

ಬಳ್ಳಿಯನ್ನು ನೆಟ್ಟವರು ಮಿಸೆಸ್ ಹಾಲ್‌ರ ಗಂಡನಂತೆ. ಮೊದಲ ಹೂವು ಕಾಣಲು ಹತ್ತು ವರ್ಷಕ್ಕೂ ಮೇಲೆ ಹಿಡಿಯಿತಂತೆ. ನಾನು ಅಡಿಗೆಮನೆಗೆ ಹೋಗಿ, ಗೊತ್ತಿದ್ದ ಇಂಗ್ಲಿಷಿನಲ್ಲಿ ನೇರವಾಗಿ ನಿಂತು ಕ್ಷಮೆ ಕೇಳಿದೆ. ಅವರು ರಜಿಯಾಳ ಮುಖಾಂತರ ಹೇಳಿದರು: ನನ್ನದೇನೂ ಇಲ್ಲ, ಚಳಿಗಾಲಕ್ಕೆ ಮುಂಚೆ ಜೇನುಹುಳಕ್ಕೆ ಸಿಗುವ ಕಡೆಯ ಊಟ ಅದು, ಕ್ಷಮೆಯನ್ನು ಅವುಗಳಲ್ಲಿ ಕೇಳಿಕೊಳ್ಳಲಿ. ಹೇಳಿ ನಕ್ಕರು. ಆ ನಗೆಯಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

ಕತ್ತಲಾಗುವ ಮುಂಚೆ ರಜಿಯಾ ಬುಟ್ಟಿಗಳನ್ನು ಸುರುವಿ ಗಟ್ಟಿ ಟೊಂಗೆಗಳನ್ನು ಆರಿಸಿದಳು. ಮರಳು ತುಂಬಿದ ಕುಂಡಗಳಲ್ಲಿ ಇಬ್ಬರೂ ಕೂಡಿ ನಲವತ್ತು ತುಂಡು ಊರಿದೆವು.

"ಬೇರ ಬಿಡೂದು ಸ್ವಲ್ಪ ಕಷ್ಟರಿ. ಆದ್ರ ಬಿಟ್ಟದ್ದು ಮತ್ತ ಕೂಸಾಗಾಂಗಿಲ್ಲ. ದೊಡ್ಡ ಟೊಂಗಿ ಎಲ್ಲಿ ಹಚ್ಚಿದ್ರೂ ದೊಡ್ಡದ" ಎಂದಳು.

ನಾನು ಕುಂಡಗಳನ್ನು ಐದೈದರ ಸಾಲಿನಲ್ಲಿ ಇಡುತ್ತಿದ್ದೆ.

ಬುಧವಾರ: ಗಾಜಿನ ಮನೆ

ಬೆಳಗಿನ ನಮಾಜಿಗೆ ಕೈಕಾಲು ಮುಖ ತೊಳೆದು ವಜೂ ಮಾಡಿ ಬಂದಾಗ ನನ್ನ ಚಾಪೆ ತಿರುಗಿತ್ತು. ಬಾಗಿಲಲ್ಲಿ ರಜಿಯಾ ತಲೆಯ ಮೇಲೆ ದುಪ್ಪಟ್ಟಾ ಎಳೆದುಕೊಂಡು ನಿಂತಿದ್ದಳು.

"ಸಿಟ್ಟ ಮಾಡಬ್ಯಾಡ್ರಿ ಮಾಮಾ. ನಿನ್ನೇನೇ ಹೇಳಬೇಕಂದೆ, ಬಾಯಿ ಬರಲಿಲ್ಲ. ಇಂಡಿಯಿಂದ ಮಕ್ಕಾ ಪಡುವಣಕ್ಕ. ಇಲ್ಲಿಂದ ಆಗ್ನೇಯಕ್ಕ ಆಗತೈತ್ರಿ."

ನಕಾಶೆ ನನಗೆ ಗೊತ್ತಿಲ್ಲವೇ? ನಾನೇ ಗೋಡೆಗೆ ತೂಗುಹಾಕಿ ಮಕ್ಕಳಿಗೆ ತೋರಿಸಿದವನು. ಆದರೂ ಅರವತ್ತೆರಡು ವರ್ಷ ಪಡುವಣಕ್ಕೆ ತಿರುಗಿದ ಮೈ, ಎರಡು ದಿನ, ದಿಕ್ಸೂಚಿಯ ಸಾಕ್ಷಿಯೊಡನೆ, ಅಮೆರಿಕದ ಕಡೆಗೆ ಬಾಗಿತ್ತು.

"ಆ ನಮಾಜು ಕಬೂಲ ಆಗಿರತೈತೇನವಾ?" ಎಂದೆ.

"ಮನಸ ಅತ್ತಾಗ ಇತ್ತಲ್ರಿ" ಎಂದಳು ಅವಳು. ಚಿಕ್ಕವಳಿದ್ದಾಗ ಸಾಲು ತಪ್ಪಿದರೆ ನನ್ನ ಸೀಟಿಗೆ ಬೆದರುತ್ತಿದ್ದ ಹುಡುಗಿ. ಅವಳು ತಿರುಗಿಸಿದ ಚಾಪೆಯ ಮೇಲೆ ನಿಂತು ನಮಾಜು ಮುಗಿಸಿದೆ.

ಹತ್ತಕ್ಕೆ ಗಾಜಿನ ಮನೆಗೆ ಹೋದೆವು. ಒಳಗೆ ಸೆಕೆ. ಬಂದ ಮೂರು ದಿನದಲ್ಲಿ ಮೊದಲ ಸಲ ಮೈಗೆ ನಮ್ಮ ಕಡೆಯ ಹವೆ ತಾಗಿತು. ಎರಡು ಸಾಲು ಕುಂಡ, ಎಲ್ಲದರಲ್ಲೂ ದೊಡ್ಡದಾದ ಐವಿ. ಎಡಗಡೆಯವು ನುಣುಪೆಲೆಯ ಪೊದೆಗಳು. ಬಲಗಡೆಯವುಗಳ ಬುಡದಲ್ಲಿ ನುಣುಪೆಲೆ ಇದ್ದರೂ, ತುದಿಯಲ್ಲಿ ಹೊಸದಾಗಿ ಬಂದ ಎಲೆಗಳಿಗೆ ಮೂಲೆ ಮೂಡಿತ್ತು. ಟೊಂಗೆ ಜೋತುಬಿದ್ದು, ಹಿಡಿಯಲು ಗೋಡೆ ಹುಡುಕುವಂತೆ ಸಣ್ಣ ಬೇರು ಚಾಚಿತ್ತು.

"ಈ ಸಾಲಿಗೆ ಔಷಧ ಹೊಡದೇನ್ರಿ. ಜಿಬ್ಬರೆಲಿನ್ ಅಂತಾರ. ಜಪಾನದಾಗ ಭತ್ತಕ್ಕ ಬೀಳೂ ಒಂದು ರೋಗದಾಗ ಸಿಕ್ಕದ್ದು. ಗಿಡದ ಮೈಯಾಗೂ ತಾನಾಗೇ ಇರತೈತಿ. ಇಂಥಾವಕ್ಕ ಹಾರ್ಮೋನು ಅಂತಾರ. ಚೂರ ಚೂರ ಇರತಾವ, ಆದ್ರ ಗಿಡಕ್ಕ ಹುಕುಂ ಕೊಡವು ಅವ."

ನಾನು ಬಗ್ಗಿ ನೋಡಿದೆ. "ಅಂದ್ರ ಇದು ಮುದುಕರನ್ನ ಹುಡುಗರನ್ನಾಗಿ ಮಾಡೂ ಔಷಧ."

"ಹೌದ್ರಿ."

"ನಮಗ ಬೇಕಾದದ್ದು ಅದರ ಉಲ್ಟಾ."

"ಅದನ್ನ ತೋರಸಾಕ ಕರಕೊಂಡ ಬಂದೇನ್ರಿ. ಬಾಯಿಲೆ ಹೇಳಿದ್ರ ನೀವು ಬಾಟ್ಲಿ ಬಿಡತಿದ್ದಿಲ್ಲ. ಲಿಂಬಿಗೆ ಇದನ್ನ ಹೊಡದ್ರ ಬರೂ ಹೂವೂ ನಿಲ್ಲತೈತಿ."

"ಹೂ ಬಿಡಸೂದು?"

"ಅಂಥಾದ್ದೊಂದು ಬಾಟ್ಲಿ ಇನ್ನೂ ಯಾರ ಕಡೆಗೂ ಇಲ್ರಿ ಮಾಮಾ."

ಇಷ್ಟು ಕೇಳಲು ಇಷ್ಟು ಸಮುದ್ರ ದಾಟಿದೆನೇ ಎನಿಸಿತು. ಆದರೆ ಮಾಸ್ತರಿಕೆಯ ಚಟ, ಕೇಳದೆ ಬಿಡಲಾಗಲಿಲ್ಲ. "ಹಂಗಾರ ಔಷಧ ಇಲ್ಲದ ನೆರೆಹೊಲದ ಗಿಡ ತಾವಾಗೇ ಹ್ಯಾಂಗ ದೊಡ್ಡವಾದವು?"

ಅವಳು ಒಂದು ಕುಂಡದ ಬುಡದಲ್ಲಿ ಬೆರಳಿಟ್ಟು ಮೇಲಕ್ಕೆ ಎಳೆಯುತ್ತ ಹೇಳಿದಳು. "ಬೇರಿನ ಹತ್ತರ ಇರೂತನಕ ಗಿಡ ಕೂಸಿರತೈತಿ. ಇಂಥಾ ಹಾರ್ಮೋನು ಬೇರಿನಿಂದ ಮ್ಯಾಲ ಬರತಾವೇನೋ ಅಂತ ನಮ್ಮ ಅನುಮಾನ, ಇನ್ನೂ ಪಕ್ಕಾ ಇಲ್ಲ. ತುದಿ ಬೆಳೀತ ಬೆಳೀತ ಬೇರಿಂದ ದೂರ ಹೋಗತೈತಿ. ಅಷ್ಟು ದೂರ ಬೆಳೆದ ಮ್ಯಾಲೇ ತುದಿ ದೊಡ್ಡದಾಗತೈತಿ. ಬುಡ ಹಂಗ ಕೂಸಾಗೇ ಉಳೀತೈತಿ."

"ತುದಿ ಕತ್ತರಿಸಿದ್ರ?"

"ಕೆಳಗಿನ ಕೂಸಿನಿಂದ ಮತ್ತ ಚಿಗೀತೈತಿ. ಮೊದಲಿಂದ ಶುರು."

"ವರ್ಷಾ ವರ್ಷಾ ಕತ್ತರಿಸಿದ್ರ?"

ಅವಳ ಬೆರಳು ನಿಂತಿತು. "ಯಾರು ಕತ್ತರಸ್ತಾರ್ರಿ ಮಾಮಾ?"

ಬೇಸಿಗೆ ಸೂಟಿ ಬಿಟ್ಟ ಮೊದಲ ವಾರ, ಪ್ರತಿ ವರ್ಷ, ನಾನು ಇಂಡಿಗೆ ಬರುತ್ತಿದ್ದೆ. ಹೊಲದ ಈ ತುದಿಯಿಂದ ಆ ತುದಿಗೆ ಎದೆಮಟ್ಟಕ್ಕೆ ಹಗ್ಗ ಬಿಗಿದು, ಹಗ್ಗದ ಮೇಲೆ ತಲೆಯೆತ್ತಿದ್ದನ್ನೆಲ್ಲ ಕತ್ತರಿಸುತ್ತಿದ್ದೆ. ನೂರಾ ಹತ್ತು ಗಿಡ, ಎರಡು ದಿನದ ಕೆಲಸ. ಖಾಸಿಂಬಿ ನೀರು ತಂದುಕೊಟ್ಟು, ಎಷ್ಟು ಚೆಂದ ಕಾಣತಾವ ಭಾಯಿ ಎನ್ನುತ್ತಿದ್ದಳು. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಎಂಟು ವರ್ಷದಲ್ಲಿ ಒಂದು ಬೇಸಿಗೆ ಕೂಡ ತಪ್ಪಿಸಲಿಲ್ಲ. ನೆರೆಹೊಲದವನು ಸೋಮಾರಿ, ಅವನ ಗಿಡ ಹೇಗೆ ಬೇಕೋ ಹಾಗೆ ಬೆಳೆದವು, ಹೂ ಬಿಟ್ಟವು.

ಇದನ್ನೆಲ್ಲ ಅವಳಿಗೆ ಹೇಳಿದೆ. ಬೋರಲಾಗಿಟ್ಟ ಖಾಲಿ ಕುಂಡದ ಮೇಲೆ ಕುಳಿತು ಹೇಳಿದೆ.

ಅವಳು ನನ್ನ ಮುಂದೆ ನೆಲಕ್ಕೆ ಕುಳಿತಳು. ಡಬ್ಬಿ ತೆಗೆದು, ತನ್ನ ಅವ್ವ ಮಾಡಿದ ರೊಟ್ಟಿಯನ್ನು ಮುರಿದು ದೊಡ್ಡ ತುಂಡು ನನಗೆ ಕೊಟ್ಟಳು.

"ಗಿಡ ಸತ್ತಿಲ್ಲಲ್ರಿ ಮಾಮಾ. ಕೂಸಾಗಿ ಅದಾವ ಅಷ್ಟ. ಬಿಟ್ರ ಬೆಳೀತಾವ."

"ಎಷ್ಟ ವರ್ಷಕ್ಕ?"

"ಎರಡು, ಮೂರು. ಅಷ್ಟ ತಡಿಯೂದು ಆಗಲಿಲ್ಲಂದ್ರ ಬಾವಿ ಕಡೆ ಅಪ್ಪಾನ ಗಿಡ ಐತೆಲ್ಲ, ಅದು ದೊಡ್ಡದಾದ ಗಿಡ. ಅದರ ಟೊಂಗಿಯ ಕಣ್ಣ ತಗದು ಇವಕ್ಕ ಕಸಿ ಕೂಡಸಬಹುದು. ಬ್ಯಾಗ ಹೂ ಬರತಾವ. ಆದ್ರ ಮೊದಲ ಗಿಡ ಇರಬೇಕು."

ಗಿಡ ಇರಬೇಕು. ಮರುದಿನವೇ ಉತ್ತರಿ ಮಳೆ ಹುಟ್ಟುವುದಿತ್ತು.

ಗುರುವಾರ: ತಾರು

ಅಂಚೆ ಕಚೇರಿಯ ಬಾಗಿಲು ತೆರೆಯುವುದಕ್ಕೆ ಇಪ್ಪತ್ತು ನಿಮಿಷ ಮುಂಚೆಯೇ ನಿಂತೆವು. ಆದರೂ ನಮ್ಮ ಮುಂದೆ ಆರು ಜನ. ಈ ದೇಶದವರಿಗೆ ಸಾಲಿನಲ್ಲಿ ನಿಲ್ಲುವುದನ್ನು ಯಾರೂ ಕಲಿಸಬೇಕಿಲ್ಲ. ಒಬ್ಬನೇ ಇದ್ದರೂ ಸಾಲಾಗಿಯೇ ನಿಲ್ಲುತ್ತಾನೆ. ಬೇರೆ ದಿನವಾಗಿದ್ದರೆ ನೋಡಿ ಸಂತೋಷಪಡುತ್ತಿದ್ದೆ. ಅಂದು ಜೀವಮಾನದಲ್ಲಿ ಮೊದಲ ಸಲ ಸಾಲು ಮುರಿದು ಮುಂದೆ ನುಗ್ಗಬೇಕೆನಿಸಿತು.

ಕಳಿಸಬೇಕಿದ್ದ ತಂತಿ, ನಮ್ಮ ಕಡೆ ತಾರು ಅನ್ನುತ್ತೇವೆ, ಮೌಲಾಸಾಬರ ಹೆಸರಿಗೆ. ನಾನು ಪುಟ ತುಂಬ ಬರೆದಿದ್ದೆ. ರಜಿಯಾ ಅದನ್ನು ಕಡಿಮೆ ಮಾಡುತ್ತ ಬಂದಳು. ಕಡೆಗೆ ಇಂಗ್ಲಿಷ್ ಅಕ್ಷರದಲ್ಲಿ ಉಳಿದ ಕನ್ನಡ ಇಷ್ಟು: "ಲಿಂಬಿ ಕಡಿಯಬ್ಯಾಡ್ರಿ. ತಲಿ ಕತ್ತರಿಸಿದ್ದಕ್ಕ ಹೂ ಇಲ್ಲ. ಬಿಟ್ರ ಬಿಡ್ತಾವ. ತಪ್ಪು ನನ್ನದು."

"ಕಡೀ ಮಾತು ಪತ್ರದಾಗ ಬರೀರಿ ಮಾಮಾ. ತಾರಿನಾಗ ಬ್ಯಾಡ. ದೊಡ್ಡಪ್ಪ ಊರಿಗೆಲ್ಲ ಓದಿ ಹೇಳತಾರ."

"ಓದಿ ಹೇಳಲಿ ಅಂತ ಬರದೇನಿ. ನಿಮ್ಮವ್ವಗ ಎಂಟು ವರ್ಷ ಬಂಜಿ ಗಿಡಕ್ಕ ನೀರ ಹಾಕತಾಳ ಅಂತ ನಕ್ಕಾರ. ಊರ ಕೇಳಲಿ."

ಅವಳು ಕಾಗದವನ್ನು ಹಾಗೆಯೇ ಗುಮಾಸ್ತನ ಮುಂದಿಟ್ಟಳು. ಗುಮಾಸ್ತ ಇದು ಯಾವ ಭಾಷೆ ಎಂದು ಕೇಳಿ, ಒಂದೊಂದೇ ಅಕ್ಷರ ಓದಿ ಒಪ್ಪಿಸಿದ. ಅವನ ಬಾಯಲ್ಲಿ ಇಂಡಿಯ ಕನ್ನಡ ಪಾದ್ರಿಯ ಪ್ರಾರ್ಥನೆಯ ಹಾಗೆ ಕೇಳಿಸಿತು.

ಆಮೇಲಿನ ನಾಲ್ಕು ದಿನದ ವಿವರ ಬೇಡ. ಆ ಊರಿನಲ್ಲಿ ದಿನಕ್ಕೆ ಎರಡು ಸಲ ಮಳೆ. ಹನಿ ಬಿದ್ದಾಗಲೆಲ್ಲ ಇಂಡಿಯಲ್ಲಿಯೂ ಬಿತ್ತೇ ಎಂದು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಮಳೆಯನ್ನು ಬೇಡವೆಂದು ದುವಾ ಕೇಳುವುದು ನಮ್ಮ ಸೀಮೆಯವನ ಬಾಯಿಂದ ಬರುವ ಮಾತಲ್ಲ. ಮಳೆ ಬರಲಿ, ಕೊಡಲಿ ತಡವಾಗಲಿ ಎಂದು ಕೇಳಿಕೊಂಡೆ. ಹಿತ್ತಿಲಿಗೆ ಹೋದರೆ ಬೋಳು ಗೋಡೆ. ದಾರಿ ತಪ್ಪಿದ ಜೇನುಹುಳ ಒಂದೊಂದು ಬಂದು, ಗೋಡೆಯ ತಲೆಯ ಮೇಲೆ ಸುತ್ತಿ, ಹೋಗುತ್ತಿತ್ತು.

ಮಂಗಳವಾರ: ಉತ್ತರ

ಸೆಪ್ಟೆಂಬರ ಹದಿನೆಂಟು, ಮಧ್ಯಾಹ್ನ ನಾಲ್ಕು ಗಂಟೆ. ಇದ್ದವರು ನಾನು, ರಜಿಯಾ, ಮಿಸೆಸ್ ಹಾಲ್. ಚಹಾದ ತಟ್ಟೆಯಲ್ಲಿ ಬಿಸ್ಕೀಟಿನ ಪಕ್ಕ ತಾರು ಇಟ್ಟುಕೊಂಡು ಬಂದರು ಮಿಸೆಸ್ ಹಾಲ್. ಅದನ್ನು ರಜಿಯಾಳ ಕಡೆಗೆ ಸರಿಸಿದೆ. ಅವಳು ಒಡೆದು ಓದಿದಳು.

"ಮಳಿ ಬಂತು. ಕೊಡ್ಲಿ ತಿರುಗಿ ಕಳಸೇನಿ. ಗಿಡಕ್ಕ ವಿಶ್ರಾಮ್ ಹೇಳೇನಿ. ಮಾಸ್ತರಗೂ ವಿಶ್ರಾಮ್. ಖಾಸಿಂಬಿ ನಗಾಕತ್ತಾಳ. ಮೌಲಾಸಾಬ."

ಅವಳು ಅದನ್ನು ಎರಡನೆಯ ಸಲ ಓದಿದಳು. ಮಿಸೆಸ್ ಹಾಲ್ ಏನೆಂದು ಕೇಳಿದರು. ರಜಿಯಾ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಎದ್ದು ನನಗೆ ಎರಡನೆಯ ಕಪ್ಪು ಚಹಾ ಸುರಿದರು. ಪಟ್ಟಿಯ ಪ್ರಕಾರ ಒಂದೇ ಕಪ್ಪು.

"ಇನ್ನೊಂದು ವರ್ಷ ಇರ್ತೇನಂತ ಅವ್ವಗ ಬರದಿದ್ದೆ" ಎಂದಳು ರಜಿಯಾ, ಕಪ್ಪು ನೋಡುತ್ತ. "ನೀವು ಏನೂ ಹೇಳಲಿಲ್ಲ."

"ಇರು. ಎಷ್ಟು ಬೇಕೋ ಅಷ್ಟು ಇರು. ನಿಮ್ಮವ್ವಗ ನಾ ಹೇಳತೇನಿ."

ಚಹಾ ಆದ ಮೇಲೆ ಕುಂಡಗಳಿಗೆ ನೀರು ಹಾಕಿದೆವು. ನಲವತ್ತರಲ್ಲಿ ಒಂಬತ್ತು ಬಾಡಿದ್ದವು, ಉಳಿದವು ನಿಂತಿದ್ದವು. ರಜಿಯಾ ಅವನ್ನು ಬಿಸಿಲು ಬೀಳುವ ಕಡೆಗೆ ಹೇಗೆ ಬೇಕೋ ಹಾಗೆ ಸರಿಸಿಟ್ಟಳು. ಸಾಲು ಕೆಟ್ಟಿತು. ಹಾಗೇ ಬಿಟ್ಟೆ.

ಆರೂವರೆಗೆ ಕೋಣೆಗೆ ಬಂದು ಕತ್ತರಿಯನ್ನು ತೊಳೆದು ಒರೆಸಿದೆ. ಎಣ್ಣೆ ಹಚ್ಚಿ, ಅರಿವೆಯಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಇಟ್ಟೆ. ಮೇಲೆ ದಿಕ್ಸೂಚಿ, ಅದರ ಮೇಲೆ ಬಟ್ಟೆ. ಬಾಟಲಿಗೆಂದು ಮಾಡಿದ್ದ ಜಾಗದಲ್ಲಿ ತಾರನ್ನು ಮಡಿಸಿ ಇಟ್ಟೆ. ಕೀಲಿ ಹಾಕಿ, "ಹೊರಡೂತನಕ ಕತ್ತರಿ ನನ್ನ ಕೈಗೆ ಸಿಗಬಾರದು" ಎಂದು ಕೀಲಿಕೈಯನ್ನು ರಜಿಯಾಳ ಕೈಯಲ್ಲಿ ಕೊಟ್ಟೆ.